ದೊಡ್ಡ ಹೆಸರು, ಒದ್ದೆ ಮೈದಾನ

ಕಳೆದ ಮಳೆಗಾಲದಲ್ಲಿ ಮಗಳ ಒತ್ತಾಯಕ್ಕೆ ಮಣಿದು ಬೆಂಗಳೂರಿನ ಹೊರವಲಯದ ಬಯಲೊಂದರಲ್ಲಿ ನಡೆದ ಸಂಗೀತೋತ್ಸವಕ್ಕೆ ಹೋಗಿದ್ದೆ. ಸಂಜೆಯಿಂದಲೇ ಮಳೆ ಹಿಡಿಯಿತು. ಮೊದಲು ವೇದಿಕೆಯೇರಿದ ಹೊಸಬರು ನೆನೆಯುತ್ತಲೇ ಮನಸಾರೆ ಹಾಡಿದರು. ಆದರೆ ಯಾರ ಹೆಸರನ್ನು ಕಂಡು ಜನರು ಟಿಕೆಟು ಕೊಂಡಿದ್ದರೋ ಆ ಪ್ರಧಾನ ಕಲಾವಿದರು ಎರಡು ಗಂಟೆ ತಡವಾಗಿ ಬಂದು, ಒಲ್ಲದ ಮನಸ್ಸಿನಿಂದ ಮುಕ್ಕಾಲು ಗಂಟೆ ಹಾಡಿ, ಕ್ಷಮೆಯ ಒಂದು ಮಾತನ್ನೂ ಆಡದೆ ಹೊರಟುಹೋದರು. ಕೆಸರು ಮೆತ್ತಿದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಮನೆ ಸೇರಿದಾಗ, “ಹಣ ನೀರುಪಾಲಾಯಿತು. ಇನ್ನು ಇಂಥ ಕಡೆಗೆ ಮಕ್ಕಳನ್ನು ಕಳುಹಿಸಕೂಡದು” ಎಂದು ಮನೆಯ ಹಿರಿಯರ ತೀರ್ಪು ಹೊರಬಿತ್ತು.

ಈ ತೀರ್ಪನ್ನು ಒಪ್ಪುವ ಮುನ್ನ, ಬಯಲು ಸಂಗೀತೋತ್ಸವಗಳಲ್ಲೇ ಅತ್ಯಂತ ಹೆಸರಾದ ವುಡ್‌ಸ್ಟಾಕ್‌ನಲ್ಲಿ ನಡೆದುದೇನೆಂದು ನೆನೆಯುವುದು ಉಚಿತವೆನಿಸುತ್ತದೆ.

1969ರ ಆಗಸ್ಟ್ 15ರಂದು ಆರಂಭವಾದ ಆ ಉತ್ಸವ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆಥೆಲ್‌ನಲ್ಲಿ, ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರರ ಹೊಲದಲ್ಲಿ ನಡೆಯಿತು. ಸುಮಾರು 4 ಲಕ್ಷ ಜನರು ನೆರೆದರು. ಬೇಲಿ ಪೂರ್ಣಗೊಳ್ಳದ ಕಾರಣ ಪ್ರವೇಶ ಉಚಿತವೆಂದೇ ಸಾರಬೇಕಾಯಿತು. ಮೊದಲ ರಾತ್ರಿಯೇ ಮಳೆ. ಆ ಮಳೆಯಲ್ಲೇ ನಮ್ಮ ರವಿಶಂಕರ್, ಅಲ್ಲಾ ರಖಾ ಅವರ ತಬಲಾದೊಂದಿಗೆ ಸಿತಾರ್ ನುಡಿಸಿದರು. ಕೆಸರು ಮತ್ತು ಅಮಲಿನಲ್ಲಿ ಮುಳುಗಿದ ಆ ಜನಸ್ತೋಮದ ಬಗ್ಗೆ ಅವರು ಮುಂದೆ ವಿಷಾದವನ್ನೇ ವ್ಯಕ್ತಪಡಿಸಿದರು. ಶನಿವಾರ ರಾತ್ರಿ ಬಹು ನಿರೀಕ್ಷೆಯ ಗ್ರೇಟ್‌ಫುಲ್ ಡೆಡ್ ತಂಡದವರಿಗೆ ಒದ್ದೆ ವೇದಿಕೆಯಲ್ಲಿ ವಾದ್ಯ ಮುಟ್ಟಿದರೆ ವಿದ್ಯುತ್ ತಗುಲುತ್ತಿತ್ತು. ಅದು ತಮ್ಮ ಅತ್ಯಂತ ಕಳಪೆ ಪ್ರದರ್ಶನಗಳಲ್ಲೊಂದೆಂದು ಅವರೇ ಒಪ್ಪಿಕೊಂಡರು. ಭಾನುವಾರದ ಬಿರುಮಳೆಗೆ ಕಾರ್ಯಕ್ರಮ ಗಂಟೆಗಟ್ಟಲೆ ನಿಂತಿತು. ಸಮಾರೋಪದ ಜಿಮಿ ಹೆಂಡ್ರಿಕ್ಸ್ ವೇದಿಕೆಯೇರುವಾಗ ಸೋಮವಾರದ ಬೆಳಗಾಗಿತ್ತು. ಇಂದು ಜಗತ್ತು ಕೊಂಡಾಡುವ ಆ ವಾದನವನ್ನು ಕೇಳದೆಯೇ ಬಹುಪಾಲು ಜನರು ಮನೆಯ ದಾರಿ ಹಿಡಿದಿದ್ದರು.

ಆದರೆ ವೇದಿಕೆಯ ಕೆಳಗೆ ಮತ್ತೊಂದು ಕಾರ್ಯ ನಡೆದಿತ್ತು. ಆಹಾರದ ಕೊರತೆಯ ಸುದ್ದಿ ಹಬ್ಬಿದಾಗ, ಹತ್ತಿರದ ಮಾಂಟಿಸೆಲ್ಲೋ ಪಟ್ಟಣದ ಯೆಹೂದ್ಯ ಸಮುದಾಯ ಕೇಂದ್ರದ ಮಹಿಳೆಯರು ಬ್ರೆಡ್ಡಿನ ನಡುವೆ ಮಾಂಸವಿಟ್ಟು ಬುತ್ತಿ ಸಿದ್ಧಪಡಿಸಿದರು. ಅದನ್ನು ಹಂಚಿದವರು ಕ್ಯಾಥೋಲಿಕ್ ಕನ್ಯಾಮಠದ ಧರ್ಮಭಗಿನಿಯರು. ಕೂದಲು ಇಳಿಬಿಟ್ಟ ಆ ಯುವಕರ ನಡತೆಯನ್ನು ಈ ತಾಯಂದಿರು ಮೆಚ್ಚಿರಲಾರರು. ಅಲ್ಲಿ ಮಾದಕ ವಸ್ತುಗಳ ಹಾವಳಿಯಿತ್ತು, ಜೀವಹಾನಿಯೂ ಆಯಿತು. ಆದರೂ ಹಸಿದವರ ಮುಂದೆ ಅವರು ಉಪದೇಶವನ್ನಲ್ಲ, ಊಟವನ್ನಿಟ್ಟರು.

ಹಾಗೆಂದು ಕಲಾವಿದರ ಉದಾಸೀನವನ್ನು ಮನ್ನಿಸಬೇಕೆಂದು ನಾನು ಹೇಳುತ್ತಿಲ್ಲ. ಮಳೆ ಅವರ ತಪ್ಪಲ್ಲ, ಆದರೆ ಕಾದವರನ್ನು ಕಡೆಗಣಿಸಿದ್ದು ಅವರ ತಪ್ಪೇ. ಆಯೋಜಕರು ಸಮಯಪಾಲನೆಗೂ ಸುರಕ್ಷಿತ ವಿದ್ಯುತ್ ವ್ಯವಸ್ಥೆಗೂ ಕುಡಿಯುವ ನೀರಿಗೂ ಹೊಣೆಗಾರರು. ಅದನ್ನು ಕೇಳುವ ಹಕ್ಕು ಟಿಕೆಟು ಕೊಂಡವರಿಗಿದೆ.

ನನ್ನ ಕಳವಳ ಬೇರೆ. ಒಂದು ಸಂಜೆಯ ಬೆಲೆಯನ್ನು ಒಂದು ಹೆಸರಿನಿಂದಲೇ ಅಳೆಯುವ ಅಭ್ಯಾಸ ನಮ್ಮ ಮನೆಗಳನ್ನೂ ಹೊಕ್ಕಿದೆ. ನಮ್ಮ ಧರ್ಮಕೇಂದ್ರಗಳ ವಾರ್ಷಿಕ ಹಬ್ಬದಲ್ಲಿಯೂ ಹೊರಗಿನಿಂದ ಬರುವ ವಾದ್ಯವೃಂದ ಯಾವುದೆಂಬ ಚರ್ಚೆಯೇ ಮುಂದಾಗಿ, ವರ್ಷವಿಡೀ ಹಾಡುವ ನಮ್ಮದೇ ಗಾನವೃಂದದ ಮಕ್ಕಳು ಹಿಂದಾಗುವುದಿಲ್ಲವೇ?

ಅಂದು ಸಂಜೆ ನಮ್ಮ ಮುಂದಿದ್ದ ಅಪರಿಚಿತ ಕುಟುಂಬವೊಂದು ತಮ್ಮ ಪ್ಲಾಸ್ಟಿಕ್ ಹೊದಿಕೆಯ ಅಂಚನ್ನು ನಮ್ಮ ತಲೆಯ ಮೇಲೂ ಚಾಚಿತು. ಅವರ ಡಬ್ಬಿಯ ಚಪಾತಿ ನಮ್ಮ ಕೈಗೂ ಬಂತು. ಪ್ರಧಾನ ಕಲಾವಿದರ ಒಂದು ಹಾಡೂ ಮಗಳಿಗೆ ನೆನಪಿಲ್ಲ. ಮಳೆಯಲ್ಲಿ ನೆನೆದು ಹಾಡಿದ ಹೊಸಬನ ಹಾಡನ್ನು ಮಾತ್ರ ಅವಳು ಇಂದಿಗೂ ಗುನುಗುತ್ತಾಳೆ.

ಆದುದರಿಂದ ಮನೆಯ ತೀರ್ಪಿಗೆ ನನ್ನ ಸಹಿ ಇಲ್ಲ. ಮುಂದಿನ ಬಾರಿ ಅವಳು ಕೇಳಿದರೆ ಜೊತೆಯಲ್ಲೇ ಹೊರಡುತ್ತೇನೆ. ದೊಡ್ಡದೊಂದು ಕೊಡೆಯಿರಲಿ, ಬುತ್ತಿಯಲ್ಲಿ ನಾಲ್ಕು ಚಪಾತಿ ಹೆಚ್ಚಿಗೆ ಇರಲಿ.