ದೀಪದ ಹೆಂಗಸಿಗೆ ಕತ್ತಲೆಯೂ ಬೇಕು, ಹೆಸರೂ ಬೇಕು

ಸೀರೆ ಅಂಗಡಿಯವರಿಗೆ ಗೊತ್ತಿರುವ ಸತ್ಯ ಒಂದಿದೆ. ಟ್ಯೂಬ್‌ಲೈಟ್ ಕೆಳಗೆ ಹರಡಿದ ಸೀರೆಯೇ ಬೇರೆ, ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದ ಸೀರೆಯೇ ಬೇರೆ. ಅದಕ್ಕೇ ಹುಷಾರಾದ ಹೆಂಗಸರು "ಸ್ವಲ್ಪ ಆಚೆ ತಂದು ತೋರ್ಸಿ" ಅಂತಾರೆ. ಚಿತ್ರಗಳ ಕಥೆಯೂ ಅಷ್ಟೇ ಸ್ವಾಮಿ!

ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸನ್ನೇ ತಗೊಳ್ಳಿ. ಊರಿಗೆ ಬಂದ ನೆಂಟರಿಗೆ ಅದನ್ನು ತೋರಿಸದ ಮೈಸೂರಿನವರು ಕಡಿಮೆ. ವರ್ಷಗಟ್ಟಲೆ ಅದನ್ನು ತೋರಿಸಿದ್ದು ಕತ್ತಲೆ ಮಾಡಿದ ಕೋಣೆಯಲ್ಲಿ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ, ಬೆರಳ ಸಂದಿಯಲ್ಲಿ ಕೆಂಪು ಬೆಳಕು. "ಹಿಂದ್ಗಡೆ ಬಲ್ಬ್ ಇಟ್ಟಿದಾರೇನೋ" ಎಂದು ಜನ ಪಿಸುಗುಟ್ಟುತ್ತಿದ್ದರು. ಬಲ್ಬೂ ಇಲ್ಲ, ಮಾಟವೂ ಇಲ್ಲ. ಕಾಗದದ ಮೇಲೆ ಬರೀ ನೀರುಬಣ್ಣ!

ಕೆಲವರು ಇದನ್ನು ಗಿಮಿಕ್ಕು ಎನ್ನುತ್ತಾರೆ. ನಾವು ಒಪ್ಪುವುದಿಲ್ಲ. ಕಲಾವಿದ ಬರೆದದ್ದೇ ಕತ್ತಲಲ್ಲಿ ಒಂದು ದೀಪ. ಸುತ್ತ ಕತ್ತಲಾದರೆ ಕಣ್ಣು ಅತ್ತಿತ್ತ ಓಡೋಲ್ಲ, ಹಳದಿ ಬಣ್ಣವೂ ಉರಿಯುತ್ತೆ. ಅದೇ ಚಿತ್ರದ ಅಚ್ಚುಪ್ರತಿಗೆ ಚಿನ್ನದ ಬಣ್ಣದ ಕಟ್ಟು, ಗಾಜು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ನೇತುಹಾಕಿ ನೋಡಿ. ಗಾಜಿನಲ್ಲಿ ಕಾಣೋದು ಟ್ಯೂಬ್‌ಲೈಟು, ಫ್ಯಾನು, ಕೊನೆಗೆ ನಮ್ಮದೇ ಮೋರೆ! ದೀಪ ಅಲ್ಲೇ ನಂದಿಹೋಯಿತು.

ಆದರೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಈ ಚಿತ್ರವನ್ನು ರವಿವರ್ಮನದು ಎಂದು ಹೇಳಿ ಮಾರುವವರು, ನಂಬಿ ಕೊಳ್ಳುವವರು ಇವತ್ತಿಗೂ ಇದ್ದಾರೆ. 1906ರಲ್ಲೇ ತೀರಿಕೊಂಡ ರವಿವರ್ಮ, 1945-46ರಲ್ಲಿ ಎದ್ದು ಬಂದು ಕುಂಚ ಹಿಡಿದನೆ? ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಂಕರ್. ದೀಪ ಹಿಡಿದು ನಿಂತವರು ಅವರ ಸ್ವಂತ ಮಗಳು ಗೀತಾ. ಆಕೆ 102 ವರ್ಷ ಬಾಳಿ 2018ರಲ್ಲಿ ತೀರಿಕೊಂಡರು. ಅಷ್ಟು ದಿನವೂ ತಂದೆಯ ಕೆಲಸ ಇನ್ನೊಬ್ಬರ ಹೆಸರಲ್ಲಿ ಬಿಕರಿಯಾಗುತ್ತಲೇ ಇತ್ತು!

ಅದೇ ಅರಮನೆಯಲ್ಲಿ ರವಿವರ್ಮನ ಚಿತ್ರಗಳೂ ಇರುವುದರಿಂದ ಗೊಂದಲ ಸಹಜ ಎನ್ನಬಹುದು. ಆದರೆ ಅಸಲು ಸಂಗತಿ ಬೇರೆ. ದೊಡ್ಡ ಹೆಸರೂ ಒಂದು ಕಟ್ಟೇ. ರವಿವರ್ಮ ಅಂದರೆ ಗಿರಾಕಿ ಕಣ್ಣರಳಿಸುತ್ತಾನೆ, ಹಲ್ದಂಕರ್ ಅಂದರೆ "ಯಾರ್ರೀ ಅದು?" ಅಂತಾನೆ. ಚಿತ್ರ ಮಾತ್ರ ಅದೇ.

ಪಟಕ್ಕೆ ಕಟ್ಟು ಹಾಕುವ ಅಣ್ಣಂದಿರಲ್ಲಿ, ಟೂರಿಸ್ಟ್ ಬಸ್ಸಿನ ಗೈಡುಗಳಲ್ಲಿ ನಮ್ಮ ಮನವಿ ಇಷ್ಟೆ. ಕಟ್ಟು ಯಾವುದಾದರೂ ಹಾಕಿ. ಕೆಳಗೆ 'ಹಲ್ದಂಕರ್' ಎಂದು ಒಂದು ಚೀಟಿ ಅಂಟಿಸಿ, ಬಾಯಿಬಿಟ್ಟು ಆ ಹೆಸರು ಹೇಳಿ. ಅದಕ್ಕೇನು ಕಾಸು ಬೇಕಾಗಿಲ್ಲವಲ್ಲ?