ಸದ್ದಡಗಿಸಿದ ಗಾಳಿ ಕೋವಿ

ತೋಟದ ನಡುವೆ ಮನೆ ಮಾಡಿಕೊಂಡಿರುವ ನಮ್ಮ ಕೃಷಿಕರಿಗೆ ಕೋವಿಯ ಸದ್ದು ಹೊಸತಲ್ಲ. ಗುಡ್ಡೆಯಿಂದ ಮಂಗಗಳ ಹಿಂಡು ಇಳಿದು ಬಂದು ಬೊಂಡ ಕಿತ್ತು ಎಸೆಯತೊಡಗಿದರೆ ಡಬ್ಬ ಬಡಿಯುವುದು, ಗರ್ನಾಲು ಹೊಡೆಯುವುದು, ಕೋವಿಯಿದ್ದವರು ಆಕಾಶಕ್ಕೆ ಒಂದು ಈಡು ಹಾರಿಸುವುದು ಹಿಂದಿನಿಂದ ಬಂದ ರೂಢಿ. ಆ ಸದ್ದಿಗೆ ಮಂಗಗಳು ಓಡುತ್ತಿದ್ದವು; ನೆರೆಕರೆಯವರಿಗೂ ಇಂತಹವರ ತೋಟಕ್ಕೆ ಮಂಗ ಬಂದಿದೆ ಎಂಬ ಸುದ್ದಿ ಮುಟ್ಟುತ್ತಿತ್ತು. ಈಗ ಆ ಸದ್ದನ್ನೇ ಅಡಗಿಸುವ ಹೊಸ ಹವ್ಯಾಸವೊಂದು ಹಬ್ಬುತ್ತಿದೆ. ಗಾಳಿ ಕೋವಿಯನ್ನು ಕೊಂಡು ತಂದು, ಮನೆಯಲ್ಲೇ ಬಿಚ್ಚಿ ಅದರ ಬಲ ಹೆಚ್ಚಿಸುವುದು, ಕೊಳವೆಯ ತುದಿಗೆ ಸದ್ದು ನುಂಗುವ ಸಾಧನವೊಂದನ್ನು ಕೂಡಿಸುವುದು. ಇದು ಕೈಚಳಕದ ಆಟವೆಂದು ಅನೇಕ ತರುಣರು ತಿಳಿದಂತಿದೆ. ಇದು ಆಟವಲ್ಲ ಎಂದು ಹೇಳಬೇಕಾದ ಹೊತ್ತು ಬಂದಿದೆ.

ನಮಗೆ ಪರಿಚಿತವಾದ ಹಳೆಯ ಏರ್‌ಗನ್ನು ಕೊಳವೆ ಮಡಚಿ ಸ್ಪ್ರಿಂಗ್ ಹೂಡುವಂಥದು. ಹೊಸ ಬಗೆಯದರಲ್ಲಿ ಕೋವಿಗೆ ಜೋಡಿಸಿದ ಉರುಳೆಯೊಳಗೆ ಮೊದಲೇ ಗಾಳಿ ತುಂಬಿಸಿಡುತ್ತಾರೆ. ಬಲ್ಲವರು ಇದನ್ನು ಪಿ.ಸಿ.ಪಿ. ಎನ್ನುತ್ತಾರೆ. ಒಲಿಂಪಿಕ್ಸ್‌ನ ಹತ್ತು ಮೀಟರ್ ಸ್ಪರ್ಧೆಗಳಲ್ಲಿ ಇಂದು ಬಳಕೆಯಾಗುವುದೂ ಇದೇ ಬಗೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದುಕೊಟ್ಟದ್ದು ಗಾಳಿ ಕೋವಿಯಿಂದಲೇ. ಆದ್ದರಿಂದ ಗಾಳಿ ಕೋವಿಯನ್ನು ನಾವು ಹಳಿಯುತ್ತಿಲ್ಲ. ಗುರಿ ಹಿಡಿಯುವ ವಿದ್ಯೆ ಮನಸ್ಸಿನ ಏಕಾಗ್ರತೆಯನ್ನು ಬೇಡುವ ಉತ್ತಮ ವಿದ್ಯೆ. ನಮ್ಮ ಮಾತು ಮನೆಯ ಜಗಲಿಯಲ್ಲಿ ನಡೆಯುವ ರಿಪೇರಿಯ ಕುರಿತು.

ಮೊದಲನೆಯದು ಅಪಾಯ. ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್. ಈ ಕೋವಿಯ ಉರುಳೆಯಲ್ಲಿರುವುದು 200 ಬಾರ್ ಅಥವಾ ಅದಕ್ಕೂ ಹೆಚ್ಚು, ಅಂದರೆ ನೂರು ಪಟ್ಟು. ಗಾಳಿ ಖಾಲಿಯಾಗದ ಉರುಳೆಯ ತಿರುಪನ್ನು ಬಿಚ್ಚಹೋದವನ ಕೈಗೆ, ಮುಖಕ್ಕೆ ಏನಾದೀತೆಂದು ಊಹಿಸಬಹುದು. ಲೇತಿನಲ್ಲಿ ಅಂದಾಜಿನಿಂದ ಕಡೆದ ಬಿಡಿಭಾಗ ಈ ಒತ್ತಡವನ್ನು ತಡೆದೀತೆಂಬ ಭರವಸೆಯಿಲ್ಲ. ಇಷ್ಟು ಒತ್ತಡದಲ್ಲಿ ಎಣ್ಣೆ, ಗ್ರೀಸು ಹೊತ್ತಿಕೊಳ್ಳಲೂಬಹುದು. ವರ್ಕ್‌ಶಾಪಿನ ಆಮ್ಲಜನಕವನ್ನು ತುಂಬಿಸುವುದಂತೂ ಜೀವದೊಡನೆ ಆಡುವ ಜೂಜು.

ಎರಡನೆಯದು ಕಾನೂನು. 2016ರ ಆಯುಧ ನಿಯಮಗಳ ಪ್ರಕಾರ ಕೊಳವೆಯ ವ್ಯಾಸ 4.5 ಮಿಲಿಮೀಟರನ್ನಾಗಲಿ, ಗುಂಡಿನ ಶಕ್ತಿ 20 ಜೂಲನ್ನಾಗಲಿ ಮೀರಿದರೆ ಆ ಗಾಳಿ ಕೋವಿಗೆ ಪರವಾನಿಗೆ ಬೇಕು. ಈ ಗೆರೆ ಎಷ್ಟು ತೆಳುವೆಂದು ಲೆಕ್ಕ ಹಾಕಿ ನೋಡಬಹುದು. ಅರ್ಧ ಗ್ರಾಮಿನ ಸೀಸದ ಗುಂಡು ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 16 ಜೂಲ್. ವೇಗ 290 ಮೀಟರಿಗೆ ಏರಿದರೆ 21 ಜೂಲ್. ಒಂದು ತಿರುಪನ್ನು ತುಸು ಬಿಗಿದಷ್ಟಕ್ಕೇ ನಿನ್ನೆಯವರೆಗೆ ಆಟದ ಸಾಮಾನಾಗಿದ್ದದ್ದು ಇಂದು ಪರವಾನಿಗೆಯಿಲ್ಲದ ಆಯುಧವಾಗಬಹುದು. ಇನ್ನು ಸದ್ದಡಗಿಸುವ ಸಾಧನ. 1959ರ ಆಯುಧ ಕಾಯಿದೆಯು ಬಂದೂಕಿನ ಸದ್ದನ್ನಾಗಲಿ ಕಿಡಿಯನ್ನಾಗಲಿ ಕಡಮೆ ಮಾಡುವ ಪರಿಕರವನ್ನು ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದೆ. ಸ್ಫೋಟಕದಿಂದ ಮಾತ್ರವಲ್ಲ, ಬೇರೆ ಶಕ್ತಿಯಿಂದ ಗುಂಡು ಹಾರಿಸುವಂಥದೂ ಆ ವ್ಯಾಖ್ಯೆಯಲ್ಲಿ ಅಡಕವಾಗಿದೆ. ಪರವಾನಿಗೆಯಿಲ್ಲದೆ ಬಂದೂಕನ್ನು ತಯಾರಿಸಿದ, ಮಾರ್ಪಡಿಸಿದ ಅಪರಾಧಕ್ಕೆ 2019ರ ತಿದ್ದುಪಡಿಯ ಬಳಿಕ ಕನಿಷ್ಠ ಶಿಕ್ಷೆ 7 ವರ್ಷ. ಹುಡುಗಾಟಕ್ಕೆ ಕೈಹಾಕಿದ ತರುಣನೂ, ನಾಲ್ಕು ಕಾಸಿನ ಆಸೆಗೆ ಕೊಳವೆ ಕಡೆದುಕೊಟ್ಟ ಲೇತಿನವನೂ ಇದನ್ನು ಅರಿತಿರಬೇಕು.

ಮೂರನೆಯದು, ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು, ಸದ್ದಿನ ಪ್ರಶ್ನೆ. ತೋಟ ಕಾಯುವವನಿಗೆ ಸದ್ದು ತೊಂದರೆಯಲ್ಲ, ಅದೇ ಅವನ ಆಸರೆ. ಮಂಗ ಓಡುವುದು ಗುಂಡಿಗಲ್ಲ, ಸದ್ದಿಗೆ. ಹಾಗಾದರೆ ಸದ್ದು ಯಾರಿಗೆ ಬೇಡ? ಕೊಲ್ಲಬಾರದ್ದನ್ನು ಕೊಲ್ಲಹೊರಟವನಿಗೆ, ನೆರೆಯವನಿಗೆ ತಿಳಿಯಬಾರದೆಂದಿರುವವನಿಗೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ 2022ರ ತಿದ್ದುಪಡಿಯಂತೆ ನಮ್ಮ ಕಡೆಯ ಮಂಗ, ನವಿಲು, ಕೆಂದಳಿಲುಗಳು ಒಂದನೆಯ ಅನುಸೂಚಿಯಲ್ಲಿವೆ. ಇವುಗಳ ಬೇಟೆಗೆ 3ರಿಂದ 7 ವರ್ಷ ಸೆರೆ, 25,000 ರೂಪಾಯಿಗೆ ಕಡಮೆಯಿಲ್ಲದ ದಂಡ, ಗಾಯಗೊಳಿಸುವುದೂ ಬೇಟೆಯೇ. ಸಣ್ಣ ಗುಂಡು ತಗಲಿದ ಮಂಗ ಸ್ಥಳದಲ್ಲೇ ಸಾಯುವುದಿಲ್ಲ. ಗಾಯ ಕೊಳೆತು ದಿನಗಟ್ಟಲೆ ನರಳುತ್ತದೆ. ಗುರಿ ತಪ್ಪಿದ ಗುಂಡು ಇನ್ನೂರು ಮುನ್ನೂರು ಮೀಟರ್ ಹೋಗಬಲ್ಲದು. ತೋಟದ ನಡುವೆ ಒಂದೊಂದಾಗಿ ಚದರಿರುವ ನಮ್ಮ ಮನೆಗಳಲ್ಲಿ ಆಚೆಯ ಅಂಗಳದಲ್ಲಿ ಮಗುವಿರಬಹುದು, ಅಡಿಕೆ ಮರದ ಮೇಲೆ ಕೊಯ್ಲಿನವನಿರಬಹುದು. ಸದ್ದು ಕೇಳಿದ್ದರೆ ಅವನು ಕೂಗಿ ಎಚ್ಚರಿಸಿಯಾನು. ಸದ್ದೇ ಇಲ್ಲದಿದ್ದರೆ ಗುಂಡು ಎಲ್ಲಿಂದ ಬಂತೆಂದೂ ತಿಳಿಯದು.

ನಮ್ಮ ನೆರೆಯ ಕೊಡಗಿನಲ್ಲಿ ಕೋವಿಗೆ ಪೂಜೆಯುಂಟು. ಕೈಲ್‌ಪೊಳ್ದ್ ಹಬ್ಬದಂದು ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ಊರ ಮುಂದೆ ನಡೆಯುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು ಹಾರಿಸಿ ಊರಿಗೆ ತಿಳಿಸುವುದು ಅಲ್ಲಿನ ಸಂಪ್ರದಾಯ. ಅಲ್ಲಿ ಕೋವಿಯ ಸದ್ದೆಂದರೆ ನೆರೆಯವರಿಗೆ ಹೇಳಿಕೆ. ಬಡಗಣ ಗಡಿಯ ನಮ್ಮ ಕನ್ನಡ ಬಂಧುಗಳ ಕಡೆಯೂ ಬೆಳೆ ಕಾಯುವುದು ಸದ್ದಿನಿಂದಲೇ. ಮರಾಠವಾಡದ ಅಂಚಿನಲ್ಲಿ, ಉಮರ್ಗಾ ತಾಲೂಕಿನ ದಾಳಿಂಬದಂಥ ಊರುಗಳಿರುವ ಬಯಲು ಸೀಮೆಯಲ್ಲಿ, ಜೋಳ ಹಾಲುಗಟ್ಟುವಾಗ ಹೊಲದ ಮಂಚಿಕೆ ಏರಿ, ಕವಣೆ ಬೀಸಿ, ಕೂಗು ಹಾಕಿ ಹಕ್ಕಿಗಳನ್ನು ಅಟ್ಟುವುದು ಹಿರಿಯರು ಕಲಿಸಿದ ಕಾವಲು. ಅಲ್ಲಿ ಕಾಡುಹಂದಿ, ಚಿಗರಿ. ಇಲ್ಲಿ ಕಾಡುಹಂದಿ, ಮಂಗ. ಪ್ರಾಣಿ ಬೇರೆಯಾದರೂ ಕೃಷಿಕನ ಕಷ್ಟ ಒಂದೇ. ಆಯುಧ ಕಾಯಿದೆಯೂ ಎರಡು ಕಡೆಗೂ ಒಂದೇ.

ಕೃಷಿಕನ ಕಷ್ಟವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ವರ್ಷವಿಡೀ ನೀರು ಹಾಯಿಸಿ ಬೆಳೆಸಿದ ತೆಂಗಿನ ಬೊಂಡವನ್ನು ಒಂದೇ ಬೆಳಗ್ಗೆ ಮಂಗಗಳು ನೆಲಕ್ಕುದುರಿಸಿ ಹೋದಾಗ, ನೆಟ್ಟ ಗೆಣಸನ್ನು ಹಂದಿ ಉತ್ತು ಹಾಕಿದಾಗ, ಅವನಿಗೆ ಸಿಟ್ಟು ಬರುವುದು ಸಹಜ. ಸರಕಾರ ಏನೂ ಮಾಡಿಲ್ಲವೆಂದಲ್ಲ. ಬೆಳೆ ಹಾಳುಗೆಡವುವ ಕಾಡುಹಂದಿಯನ್ನು ಪರವಾನಿಗೆಯ ಕೋವಿಯಿದ್ದವರಿಂದ ಕೊಲ್ಲಿಸಲು ಆಜ್ಞೆ ನೀಡುವ ಅಧಿಕಾರವನ್ನು 2022ರ ಮೇ ತಿಂಗಳಲ್ಲಿ ಪಂಚಾಯತು ಅಧ್ಯಕ್ಷರಿಗೆ ಕೊಡಲಾಯಿತು. ಆದರೆ ಈ ದಾರಿಯನ್ನು ನಮ್ಮ ಎಷ್ಟು ಕನ್ನಡ ಕುಟುಂಬಗಳು ಬಲ್ಲವು? ಯಾರಿಗೆ ಅರ್ಜಿ, ಬೆಳೆ ನಷ್ಟಕ್ಕೆ ಪರಿಹಾರ ಕೇಳುವ ಬಗೆ ಹೇಗೆ ಎಂಬ ವಿವರ ಮಲೆಯಾಳದಲ್ಲಿ ಮಾತ್ರ ಸಿಕ್ಕಿದರೆ ಕನ್ನಡ ಶಾಲೆಯಲ್ಲಿ ಓದಿದ ಹಿರಿಯ ಕೃಷಿಕ ಅದನ್ನು ಓದುವುದೆಂತು? ನ್ಯಾಯವಾದ ಬಾಗಿಲು ತನ್ನ ಭಾಷೆಯಲ್ಲಿ ತೆರೆಯದಿದ್ದಾಗ ಮನುಷ್ಯ ಅಡ್ಡದಾರಿ ಹುಡುಕುತ್ತಾನೆ. ಕೋವಿಯ ಬಲ ಹೆಚ್ಚಿಸುವ ಪಾಠವಾದರೋ ಮೊಬೈಲಿನಲ್ಲಿ ಚಿತ್ರ ಸಮೇತ ಸಿಗುತ್ತದೆ. ಭಾಷೆ ಬಾರದಿದ್ದರೂ ನೋಡಿ ಕಲಿಯಬಹುದು. ಕಾನೂನಿನ ಪಾಠ ಹಾಗೆ ಸಿಗುವುದಿಲ್ಲ.

1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯು ಕನ್ನಡ ಹಾಗೂ ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದೊಡನೆ ವ್ಯವಹರಿಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಅರಣ್ಯ ಇಲಾಖೆ, ಪೊಲೀಸ್ ಇಲಾಖೆ ಹಾಗೂ ಪಂಚಾಯತುಗಳು ಈ ಹಕ್ಕನ್ನು ಮನ್ನಿಸಿ, ಕಾಡುಹಂದಿಯ ಆಜ್ಞೆ, ಬೆಳೆ ಪರಿಹಾರದ ಕ್ರಮ, ಗಾಳಿ ಕೋವಿಯ ನಿಯಮ ಈ ಮೂರನ್ನೂ ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಕೃಷಿ ಭವನದಲ್ಲಿಯೂ ಅಂಟಿಸಬೇಕು. ಇದು ದೊಡ್ಡ ಖರ್ಚಿನ ಕೆಲಸವಲ್ಲ.

ಹೆತ್ತವರಲ್ಲಿಯೂ ನಮ್ಮ ವಿನಂತಿಯಿದೆ. ಮಗನಿಗೆ ಗುರಿ ಹಿಡಿಯುವ ಆಸಕ್ತಿಯಿದ್ದರೆ ರೈಫಲ್ ಸಂಘಕ್ಕೆ ಕಳುಹಿಸಿರಿ. ತರಬೇತುದಾರರ ಕಣ್ಣೆದುರು, ಗುಂಡು ಆಚೆ ದಾಟದ ಕಟ್ಟಡದೊಳಗೆ ಅವನು ಕಲಿಯಲಿ. ಮನೆಯಲ್ಲಿ ಗಾಳಿ ಕೋವಿಯಿದ್ದರೆ ಬೀಗ ಹಾಕಿಡಿರಿ. ಯಾರಾದರೂ ಅದರ ಸದ್ದಡಗಿಸಿ ಕೊಡುತ್ತೇನೆಂದು ಬಂದರೆ, ಯಾರಿಗೆ ಕೇಳಬಾರದೆಂದು ಇದನ್ನು ಮಾಡುತ್ತೀಯೆಂದು ಒಮ್ಮೆ ಪ್ರಶ್ನಿಸಿರಿ. ನೆರೆಯವನಿಗೆ ಕೇಳುವಂತೆ ತೋಟ ಕಾಯುವುದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.