ಸೌಟು ಮುಟ್ಟಿಸದೆ ಕೈಯಾಡಿಸುವ ವಿದ್ಯೆ

ಬೆಣ್ಣೆ ಕಾಯಿಸಿ ಒಲೆಯಿಂದ ಇಳಿಸಿದ ಮೇಲೆ ಅಮ್ಮ ಹೇಳೋದು ಒಂದೇ ಮಾತು: "ಆರೋ ತನಕ ಅಲ್ಲಾಡಿಸಬೇಡ ಕಣೋ." ಹಾಗೇ ನಿಧಾನಕ್ಕೆ ಆರಲು ಬಿಟ್ಟರೆ ತುಪ್ಪ ಮರಳು ಮರಳಾಗುತ್ತದೆ. ಅವಸರಕ್ಕೆ ಫ್ರಿಜ್ಜಿಗೆ ಇಟ್ಟರೆ ನುಣ್ಣಗೆ, ಮೇಣದ ಹಾಗೆ ಗಟ್ಟಿಯಾಗುತ್ತದೆ. ತುಪ್ಪ ಅದೇ, ಡಬ್ಬಿನೂ ಅದೇ. ಗಟ್ಟಿಯಾದ ರೀತಿ ಮಾತ್ರ ಬೇರೆ.

ಲೋಹದ ಕಥೆಯೂ ಇದೇ. ನೋಡೋಕೆ ಒಂದೇ ತುಂಡಿನಂತಿದ್ದರೂ ಅಲ್ಯೂಮಿನಿಯಂ ಒಳಗೆ ಲಕ್ಷಾಂತರ ಹರಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆದರೆ ಇಲ್ಲಿ ಅಮ್ಮನ ರೂಲ್ ಉಲ್ಟಾ. ತುಪ್ಪದಲ್ಲಿ ದೊಡ್ಡ ಮರಳು ಸಿಕ್ಕರೆ ಖುಷಿ. ಲೋಹದಲ್ಲಿ ಹರಳು ಸಣ್ಣದಾದಷ್ಟೂ ಒಳ್ಳೆಯದು. ಯಾಕಂದ್ರೆ ಎರಡು ಹರಳು ಸೇರುವ ಗಡಿಯೇ ಒಂದು ಅಡ್ಡಗೋಡೆ. ಲೋಹ ಬಾಗುವಾಗ ಒಳಗಿನ ಜಾರಾಟ ಆ ಗೋಡೆ ದಾಟಲು ಒದ್ದಾಡಬೇಕು. ಗೋಡೆ ಹೆಚ್ಚಿದಷ್ಟೂ ಲೋಹ ಗಟ್ಟಿ.

ಹಾಗಾದರೆ ಹರಳನ್ನು ಸಣ್ಣದು ಮಾಡೋದು ಹೇಗೆ? ಗಟ್ಟಿಯಾಗುತ್ತಿರುವಾಗಲೇ ಕೈಯಾಡಿಸಬೇಕು. ಆದರೆ 650 ಡಿಗ್ರಿ ಸುಡುವ ಲೋಹಕ್ಕೆ ಯಾವ ಸೌಟು ಹಾಕ್ತೀರಿ? ಅದೂ ಗಟ್ಟಿಯಾಗುವ ಜಾಗ ಒಳಗೆ, ಕೈಗೆಟುಕದ ಕಡೆ ಇರುವಾಗ?

ಮೊದಲು ಎರಕ ಹೊಯ್ಯುವ ರೀತಿ ನೋಡೋಣ. ವಿಮಾನಕ್ಕೆ ಹೋಗುವ ಅಲ್ಯೂಮಿನಿಯಂ ಬಹುಪಾಲು ಮೊದಲು ದೊಡ್ಡ ದಿಮ್ಮಿಯಾಗುತ್ತದೆ. ತಳ ಇಲ್ಲದ ಗಿಡ್ಡ ಬಳೆಯಂಥ ಅಚ್ಚಿಗೆ ಮೇಲಿನಿಂದ ಕರಗಿದ ಲೋಹ ಸುರಿಯುತ್ತಾರೆ. ಅಚ್ಚಿನ ಅಂಚಿನಲ್ಲಿ ಹೊರಪದರ ಗಟ್ಟಿಯಾಗುತ್ತಿದ್ದಂತೆ ದಿಮ್ಮಿ ನಿಮಿಷಕ್ಕೆ ಕೆಲವೇ ಸೆಂಟಿಮೀಟರಿನಂತೆ ಕೆಳಗಿಳಿಯುತ್ತದೆ, ಮೇಲೆ ನೀರು ಬೀಳುತ್ತಿರುತ್ತದೆ. ಹೊರಗೆ ತಣ್ಣಗೆ, ನಡುವೆ ಇನ್ನೂ ಬಿಸಿ ಲೋಹದ ಗುಂಡಿ.

ತೊಂದರೆ ಶುರುವಾಗೋದು ಇಲ್ಲೇ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಒಂದೇ ಸಲಕ್ಕೆ ಹೆಪ್ಪುಗಟ್ಟುತ್ತದೆ. ವಿಮಾನಕ್ಕೆ ಬಳಸುವ 7075 ಎಂಬ ಮಿಶ್ರಲೋಹದಲ್ಲಿ ಸುಮಾರು ಶೇ 5.6 ಸತು, ಶೇ 2.5 ಮೆಗ್ನೀಸಿಯಂ, ಶೇ 1.6 ತಾಮ್ರ ಇರುತ್ತವೆ. ಅದು ಸುಮಾರು 635 ಡಿಗ್ರಿಯಲ್ಲಿ ಹೆಪ್ಪುಗಟ್ಟಲು ಶುರು ಮಾಡಿ 477ರ ಹತ್ತಿರ ಮುಗಿಸುತ್ತದೆ. ನಡುವಿನ ನೂರೈವತ್ತು ಡಿಗ್ರಿ ಅತ್ತ ನೀರೂ ಅಲ್ಲ, ಇತ್ತ ಗಟ್ಟಿಯೂ ಅಲ್ಲ, ಗಂಜಿ. ಈ ಹಂತದಲ್ಲಿ ಕುಗ್ಗುವ ನಡುಭಾಗವನ್ನು ಆಗಲೇ ಗಟ್ಟಿಯಾದ ಹೊರಪದರ ಹಿಡಿದೆಳೆದರೆ ಒಳಗೆ ಬಿರುಕು ಬೀಳುತ್ತದೆ. ಆ ದಿಮ್ಮಿ ಸೀದಾ ಗುಜರಿಗೆ.

ಬಿರುಕು ಬೀಳದಿದ್ದರೂ ಇನ್ನೊಂದು ಸಮಸ್ಯೆ ಇದೆ. ಸತು, ತಾಮ್ರ ಎಲ್ಲ ಕಡೆ ಸಮನಾಗಿ ಹಂಚಿಕೊಳ್ಳುವುದಿಲ್ಲ. ಅಂಚಿಗೊಂದು ಪ್ರಮಾಣ, ನಡುವಿಗೊಂದು. ಒಂದು ಹರಳಿನ ಒಳಗಿನ ಏರುಪೇರಾದರೆ ದಿಮ್ಮಿಯನ್ನು ಗಂಟೆಗಟ್ಟಲೆ ಕಾಯಿಸಿ ಸರಿಮಾಡಬಹುದು. ಅಂಚಿನಿಂದ ನಡುವಿನವರೆಗಿನ ಏರುಪೇರು ಹಾಗಲ್ಲ. ಗಟ್ಟಿ ಲೋಹದಲ್ಲಿ ಪರಮಾಣುಗಳು ಅಷ್ಟು ದೂರ ನಡೆಯಲಾರವು. ನಮ್ಮ ಕೆಲಸದಲ್ಲಿ ರಿಲೀಸ್ ಆದ ಮೇಲೂ ರಾತ್ರೋರಾತ್ರಿ ಒಂದು ಪ್ಯಾಚ್ ಹಾಕಿ ಬಚಾವಾಗಬಹುದು. ದಿಮ್ಮಿಗೆ ಆ ಭಾಗ್ಯ ಇಲ್ಲ. ಹೆಪ್ಪುಗಟ್ಟುವ ಆ ಕೆಲವು ನಿಮಿಷಗಳಲ್ಲಿ ಆಗಿದ್ದೇ ಆಗಿದ್ದು.

ಈಗ ಸೌಟಿನ ವಿಷಯ. ನಿಮ್ಮ ಮನೆ ಇಂಡಕ್ಷನ್ ಸ್ಟವ್ ನೆನಪಿಸಿಕೊಳ್ಳಿ. ಗಾಜಿನ ಕೆಳಗಿನ ಸುರುಳಿಯಲ್ಲಿ ಕರೆಂಟು ಹಿಂದೆ ಮುಂದೆ ಓಡುತ್ತದೆ, ಅದರಿಂದ ಕಾಂತಕ್ಷೇತ್ರ ಬದಲಾಗುತ್ತಾ ಇರುತ್ತದೆ, ಆ ಬದಲಾವಣೆ ಪಾತ್ರೆಯೊಳಗೂ ಕರೆಂಟು ಹುಟ್ಟಿಸುತ್ತದೆ. ಎರಕದ ಅಚ್ಚಿನ ಸುತ್ತ ಇಂಥದೇ ಸುರುಳಿ ಸುತ್ತಿದರೆ ಕರಗಿದ ಅಲ್ಯೂಮಿನಿಯಂ ಒಳಗೂ ಕರೆಂಟು ಹುಟ್ಟುತ್ತದೆ. ಕಾಂತಕ್ಷೇತ್ರದೊಳಗೆ ಕರೆಂಟು ಹರಿದರೆ ಲೋಹದ ಮೇಲೆ ಒಂದು ತಳ್ಳು ಬೀಳುತ್ತದೆ. ಸೀಲಿಂಗ್ ಫ್ಯಾನ್ ತಿರುಗೋದೂ ಈ ತಳ್ಳಿನಿಂದಲೇ. ದ್ರವ ಲೋಹವಾದ್ದರಿಂದ ಅದು ಸುತ್ತತೊಡಗುತ್ತದೆ. ಯಾರೂ ಮುಟ್ಟಿಲ್ಲ, ಆದರೂ ಕೈಯಾಡಿಸಿದ ಹಾಗಾಯಿತು.

ಒಳಗೆ ಆಗೋದು ಇಷ್ಟು. ಹರಳುಗಳು ಬೆಳೆಯುವಾಗ ಕವಲೊಡೆದ ಪುಟ್ಟ ಮರಗಳ ಹಾಗಿರುತ್ತವೆ. ಲೋಹ ಹರಿದಾಡಿದಾಗ ಕೊಂಬೆಗಳ ಬುಡ ಕರಗಿ ಕಳಚಿಕೊಳ್ಳುತ್ತದೆ. ಕಳಚಿದ ತುಂಡೆಲ್ಲ ಗುಂಡಿಯಲ್ಲಿ ತೇಲಿ ಒಂದೊಂದು ಹೊಸ ಹರಳಿನ ಬೀಜವಾಗುತ್ತದೆ. ಜೊತೆಗೆ ನಡುವಿನ ಬಿಸಿಯೂ ಅಂಚಿನ ತಂಪೂ ಬೆರೆತು ಗುಂಡಿಯ ತಾಪ ಸಮನಾಗುತ್ತದೆ. ಬೀಜಗಳು ಮತ್ತೆ ಕರಗಿಹೋಗದೆ ಉಳಿಯುತ್ತವೆ. ಅಂಚಿನಿಂದ ನಡುವಿಗೆ ಚಾಚಿದ ಉದ್ದುದ್ದ ಹರಳಿನ ಬದಲು ಎಲ್ಲ ಕಡೆ ಸಣ್ಣ, ದುಂಡನೆಯ ಹರಳು.

ಆದರೆ ಇಡೀ ಅಡುಗೆಯ ಹದ ಇರೋದು ಒಂದೇ ಗುಂಡಿಯಲ್ಲಿ: ಫ್ರೀಕ್ವೆನ್ಸಿ. ಕರೆಂಟು ಎಷ್ಟು ಬೇಗ ದಿಕ್ಕು ಬದಲಿಸುತ್ತದೋ ಅಷ್ಟೂ ಅದು ಲೋಹದ ಮೇಲ್ಮೈಯಲ್ಲೇ ಉಳಿಯುತ್ತದೆ. ಲೆಕ್ಕ ಹಾಕಿದರೆ, ನಮ್ಮ ಮನೆಗೆ ಬರುವ 50 ಹರ್ಟ್ಸ್‌ನಲ್ಲಿ ಕ್ಷೇತ್ರ ಕರಗಿದ ಅಲ್ಯೂಮಿನಿಯಂ ಒಳಗೆ ಸುಮಾರು 35 ಮಿಲಿಮೀಟರ್ ಇಳಿಯುತ್ತದೆ. 2500 ಹರ್ಟ್ಸ್ ಮಾಡಿದರೆ ಬರೀ 5 ಮಿಲಿಮೀಟರ್.

ಮೇಲ್ಮೈಯಲ್ಲೇ ನಿಲ್ಲುವ ಈ ಗುಣವನ್ನೇ 1960ರ ದಶಕದಲ್ಲಿ ಸೋವಿಯತ್ ಎಂಜಿನಿಯರ್ ಗೆಟ್ಸೆಲೆವ್ ಬಳಸಿಕೊಂಡರು. ಕಿಲೋಹರ್ಟ್ಸ್ ಮಟ್ಟದ ಕ್ಷೇತ್ರ ದ್ರವ ಲೋಹವನ್ನು ಸುತ್ತಲಿಂದ ಒಳಗೆ ಒತ್ತಿ ಹಿಡಿಯಿತು. ಲೋಹ ಅಚ್ಚಿನ ಗೋಡೆ ತಾಗದೆಯೇ ಹೆಪ್ಪುಗಟ್ಟಿತು, ದಿಮ್ಮಿಯ ಮೈ ನುಣುಪಾಯಿತು. 1980ರ ದಶಕದಲ್ಲಿ ಫ್ರಾನ್ಸಿನ ಶಾರ್ಲ್ ವಿವೆಸ್ ಮಾಮೂಲಿ 50 ಹರ್ಟ್ಸ್ ಕರೆಂಟಿನಿಂದಲೇ ಒಳಗಿನ ಲೋಹ ಕಲಕಿ ಹರಳು ಸಣ್ಣದು ಮಾಡಿ ತೋರಿಸಿದರು. ಆಮೇಲೆ ಚೀನಾದ ಶೆನ್ಯಾಂಗ್‌ನಲ್ಲಿ ತ್ಸುಯ್ ಜಿಯಾನ್‌ಝೋಂಗ್ ತಂಡ 50ಕ್ಕಿಂತಲೂ ಕೆಳಗಿಳಿಯಿತು. 25 ಹರ್ಟ್ಸ್‌ನಲ್ಲಿ ಕ್ಷೇತ್ರ ಸುಮಾರು 50 ಮಿಲಿಮೀಟರ್ ಒಳಹೋಗುತ್ತದೆ. ಬಿರುಕು ಬೀಳುವ 7000 ಸರಣಿಯ ದಿಮ್ಮಿಗಳಲ್ಲಿ ಹರಳು ಸಮನಾಯಿತು, ಬಿರುಕು ಕಡಿಮೆಯಾಯಿತು.

ಇಷ್ಟು ಒಳ್ಳೆಯದಾದರೆ ಎಲ್ಲ ಕಾರ್ಖಾನೆಯಲ್ಲೂ ಯಾಕಿಲ್ಲ? ಸುಲಭದ ದಾರಿ ಇನ್ನೊಂದಿದೆ: ಟೈಟಾನಿಯಂ, ಬೋರಾನ್ ಸೇರಿದ ಅಲ್ಯೂಮಿನಿಯಂ ಸರಳನ್ನು ಕರಗಿದ ಲೋಹಕ್ಕೆ ಬಿಡುತ್ತಾ ಹೋದರೆ ಅದರ ಕಣಗಳೇ ಬೀಜವಾಗುತ್ತವೆ. ಹೆಪ್ಪು ಹಾಕಿದ ಹಾಗೆ. ಸುರುಳಿ, ಅದಕ್ಕೆ ಪವರ್ ಸಪ್ಲೈ, ತಂಪಿಗೆ ನೀರು, ಕ್ಷೇತ್ರ ಒಳಗೆ ಬಿಡುವಂಥ ಅಚ್ಚು ಇದೆಲ್ಲ ಖರ್ಚಿನ ಬಾಬತ್ತು. ಜೋರಾಗಿ ಕಲಕಿದರೆ ಮೇಲಿನ ಆಕ್ಸೈಡ್ ಕೆನೆ ಒಳಗೆ ಸೇರಿಕೊಂಡು ಅದೇ ಬಿರುಕಿಗೆ ದಾರಿ. ಆದರೆ ಬೀಜ ಹಾಕಿದ ಮಾತ್ರಕ್ಕೆ ನಡುವಿನ ಬಿಸಿ ಅಂಚಿನ ತಂಪಿನ ಜೊತೆ ಬೆರೆಯುವುದಿಲ್ಲ. ದೊಡ್ಡ ದಿಮ್ಮಿ, ಹಟಮಾರಿ ಮಿಶ್ರಲೋಹ ಅಂದಾಗ ಕಾಂತದ ಸೌಟು ಬೇಕೆನ್ನಿಸೋದು ಅದಕ್ಕೇ.

ಮೊನ್ನೆ ಊರಿಗೆ ಹೋದಾಗ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಅದಕ್ಕೂ ಆರುವಾಗಲೇ ಗಮನ ಕೊಡಬೇಕು ಅನ್ನು," ಅಂದರು. ನಾನು ಇಷ್ಟುದ್ದ ಬರೆದದ್ದೂ ಅಷ್ಟೇ. ಡಬ್ಬಿ ಮಾತ್ರ ಇವತ್ತಿಗೂ ನನ್ನ ಕೈಗೆ ಸಿಗದ ಕಡೆ ಆರುತ್ತದೆ.